ಬಾಯಲ್ಲಿ ಎಣ್ಣೆ ಇದ್ದ ಬೆಳಗುಗಳು

ಕಳೆದ ವಾರ ತೀರ್ಥಹಳ್ಳಿಯಿಂದ ನನ್ನ ಮಗಳು ಶ್ವೇತ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಬಾಟಲಿ ಕಳಿಸಿದಳು. ಸಾಗರದ ಬಸ್ ಸ್ಟ್ಯಾಂಡಿಗೆ ನಾನೇ ಹೋಗಿ ಇಸಿದುಕೊಂಡು ಬಂದೆ. ಅವಳು ಮನೆಯಲ್ಲಿ ಸೋಪು, ತಲೆಗೆ ಹಚ್ಚುವ ಎಣ್ಣೆ ಮಾಡಿ ಮಾರುತ್ತಾಳೆ. ಈಗ ಹೊಸದಾಗಿ ಬಾಯಿ ಮುಕ್ಕಳಿಸುವ ಎಣ್ಣೆ ಶುರು ಮಾಡಿದ್ದಾಳೆ. ಬಾಟಲಿ ಚೆಂದವಾಗಿತ್ತು. ಮೇಲೆ ಎಲೆಯ ಚಿತ್ರ, ಕೆಳಗೆ ‘ನೂರಕ್ಕೆ ನೂರು ನ್ಯಾಚುರಲ್, ಶುದ್ಧ ಬೀಜದ ಎಣ್ಣೆ’ ಎಂಬ ಬರಹ. ಇಂಥದ್ದನ್ನು ಓದಿದರೆ ನನಗೆ ಮೈ ಉರಿಯುತ್ತದೆ. ಯಾವ ಬೀಜ? ಎಳ್ಳೂ ಬೀಜವೇ, ಹೊಂಗೆಯೂ ಬೀಜವೇ, ಹರಳೂ ಬೀಜವೇ. ಒಂದು ದೋಸೆಗೆ, ಒಂದು ದೀಪಕ್ಕೆ, ಒಂದು ಹೊಟ್ಟೆ ಕಟ್ಟಿದವರಿಗೆ. ಗಿಡದಲ್ಲಿ ಬಿಟ್ಟ ಮಾತ್ರಕ್ಕೆ ಎಲ್ಲವೂ ಬಾಯಿಗೆ ಒಗ್ಗುವಂತಿದ್ದರೆ ಅಡುಗೆ ಕಲಿಯುವ ಕೆಲಸವೇ ಇರುತ್ತಿರಲಿಲ್ಲ. ಸಾಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಚೀಟಿ ಕೊಡುತ್ತಾ, ಜನರ ಬಾಯಿಯ ಗೋಳು ಕೇಳುತ್ತಾ ಮುದುಕಿಯಾದವಳು ನಾನು. ಅಲ್ಲಿನ ಡಾಕ್ಟರು ಎಣ್ಣೆಯ ಮಾತು ಬಂದಾಗಲೆಲ್ಲ, ಮುಕ್ಕಳಿಸುವುದಾದರೆ ಮುಕ್ಕಳಿಸಿ, ಬ್ರಷ್ ಮಾತ್ರ ಬಿಡಬೇಡಿ ಎನ್ನುತ್ತಿದ್ದರು. ಬಾಟಲಿ ಕೈಗೆ ಸಿಕ್ಕಿತೆಂದು ಹೇಳಲು ನಾನೇ ಶ್ವೇತಳಿಗೆ ಫೋನ್ ಮಾಡಿದೆ.

“ಅಮ್ಮಾ, ಅದು ಸೇಫಾ ಅಂತ ನೀನೊಂದ್ಸಲ ನೋಡಿ ಹೇಳು. ಮಕ್ಕಳಿಗೂ ಒಂದು ಮಾಡಣ ಅಂತಿದೀನಿ.”

“ಯಾವ ಬೀಜದ್ದೇ ಎಣ್ಣೆ?”

“ಎಳ್ಳೇ ಜಾಸ್ತಿ. ಹೊರಗಿಂದ ತರ್ಸೋದು.”

“ಅವ್ರು ಗಾಣಕ್ಕೆ ಅದಕ್ಕಿಂತ ಮೊದ್ಲು ಎಂತ ಹಾಕಿದ್ರು?”

ಅವಳು ನಕ್ಕಳು. ಯಾರಾದರೂ ಇಂಥ ಪ್ರಶ್ನೆ ಕೇಳುತ್ತಾರಾ ಎಂದಳು. ಒಬ್ಬಳು ಕೇಳುತ್ತಿದ್ದಳು. ನನ್ನ ಅಪ್ಪನ ಅಕ್ಕ, ಹೂವಮ್ಮ. ನನಗೆ ಅತ್ತೆ. ನಾನು ಬುದ್ಧಿ ತಿಳಿದು ಬೆಳೆದದ್ದು ಅವಳ ಮನೆಯಲ್ಲಿ, ಜೋಗದಲ್ಲಿ. ಆ ಮನೆಯ ಬೆಳಗುಗಳನ್ನು ನೆನೆದರೆ ಈಗಲೂ ನನ್ನ ನಾಲಿಗೆ ಬಾಯೊಳಗೆ ಸುಮ್ಮನೆ ಮಡಚಿಕೊಂಡು ಕೂರುತ್ತದೆ.

ಮನೆ ಎಂದರೆ ದೊಡ್ಡದೇನಲ್ಲ. ವಿದ್ಯುತ್ ಕಾಲೋನಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ರೈಲು ಡಬ್ಬಿಯಂತೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಅಂಗಡಿ, ನಡುವಿನದು ಮಲಗುವ ಕೋಣೆ, ಹಿಂದಿನದು ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಒಂದು ಪೇರಲೆ ಗಿಡ, ಅದರಾಚೆ ಪಕ್ಕದ ಮನೆಯ ಗೋಡೆ. ಮಾವ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದರಂತೆ. ಅವರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಗಿ ಬಂದು ಅತ್ತೆ ಈ ಡಬ್ಬಿಗೆ ಬಂದಳು. ನಾನು ಬಂದದ್ದು ಅದರ ಮರುವರ್ಷ. ಅಮ್ಮ ತೀರಿಹೋದಳು, ಅಪ್ಪ ಹೊಸನಗರದ ಕಡೆ ಇನ್ನೊಂದು ಮದುವೆಯಾದ. ಹೊಸ ಮನೆಯ ಹತ್ತಿರ ಶಾಲೆ ಇಲ್ಲ ಎಂದು ನನ್ನನ್ನು ಜೋಗಕ್ಕೆ ತಂದು ಬಿಟ್ಟ. ಶಾಲೆ ಇಲ್ಲದ ಆ ಊರಿನಲ್ಲಿ ಆಮೇಲೆ ಹುಟ್ಟಿದ ಅವನ ಮಕ್ಕಳು ಹೇಗೆ ಓದಿದರು ಎಂದು ನಾನು ಯಾವತ್ತೂ ಕೇಳಲಿಲ್ಲ. ಬಿಟ್ಟು ಹೋಗುವಾಗ ಅವನು ಅತ್ತೆಗೆ, “ಇದು ಗಲಾಟೆ ಮಾಡೋ ಹುಡುಗಿ ಅಲ್ಲ ಅಕ್ಕಾ” ಎಂದಿದ್ದ. ಅದನ್ನು ಹೊಗಳಿಕೆ ಎಂದುಕೊಂಡು ನಾನು ಬಹಳ ದಿನ ಗಲಾಟೆ ಮಾಡದೇ ಇದ್ದೆ.

ಅತ್ತೆಯ ಅಂಗಡಿಯಲ್ಲಿ ಬೆಂಕಿಪೊಟ್ಟಣ, ಬೀಡಿ, ಮಂಡಕ್ಕಿ, ಬಾಳೆಹಣ್ಣು ಎಲ್ಲ ಇತ್ತು. ಆದರೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಬಾಯೆಣ್ಣೆಗೆ. ಎಳ್ಳೆಣ್ಣೆಗೆ ಲವಂಗ, ಓಮ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ಭರಣಿಯಲ್ಲಿ ತುಂಬಿಡುತ್ತಿದ್ದಳು. ತುಟಿ ಒಡೆದವರಿಗೆ, ನಾಲಿಗೆ ಹುಣ್ಣಾದವರಿಗೆ ಉಪ್ಪಾಗೆ ಎಂಬ ಕಾಡುಹಣ್ಣಿನ ಬೀಜದ ತುಪ್ಪ ಬೇರೆ ಇರುತ್ತಿತ್ತು, ಮೇಣದ ಹಾಗೆ ಗಟ್ಟಿ, ಬಿಳಿ. ಎಲೆ ಅಡಿಕೆ, ತಂಬಾಕು ಹಾಕಿ ಹಾಕಿ ಬಾಯಿ ಸುಟ್ಟುಕೊಂಡ ಕಾಲೋನಿಯ ಗಂಡಸರು, ಲಾರಿ ಡ್ರೈವರುಗಳು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಅತ್ತೆ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಬಾಯಿ ತೆಗಿ. ಇನ್ನೂ ತೆಗಿ” ಎನ್ನುತ್ತಿದ್ದಳು. ವಸಡು ಒತ್ತಿ ನೋಡುತ್ತಿದ್ದಳು. ಬಿಳಿ ಕಲೆ ಕಂಡರೆ ಎಣ್ಣೆ ಕೊಡುತ್ತಲೇ ಇರಲಿಲ್ಲ, ಆಸ್ಪತ್ರೆಗೆ ಹೋಗು ಎಂದು ಬೈದು ಅಟ್ಟುತ್ತಿದ್ದಳು. ಹೆಸರು ಗೊತ್ತಿಲ್ಲದ ಡ್ರೈವರಿನ ಗಲ್ಲವನ್ನು ಅವಳು ಹಿಡಿಯುತ್ತಿದ್ದ ಬಗೆ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಮ್ಮೆ ನಾನೂ ಹೋಗಿ ಸಾಲಿನಲ್ಲಿ ಬಾಯಿ ತೆಗೆದು ನಿಂತೆ.

“ನಿಂಗೆಂತ ಆಗಿದೆ?”

“ಉರಿ.”

ಅವಳು ಬಗ್ಗಿ ನೋಡಿದಳು. ಗಲ್ಲ ಹಿಡಿಯಲಿಲ್ಲ.

“ಎಂತದೂ ಆಗ್ಲಿಲ್ಲ. ಹೋಗು, ಲೆಕ್ಕ ಮಾಡು.”

ಈ ಎಣ್ಣೆಗೆ ಒಂದು ಕಟ್ಟಳೆ ಇತ್ತು. ಎಳ್ಳನ್ನು ಅತ್ತೆ ಸಾಗರದ ಸಂತೆಯಲ್ಲಿ ಕೊಂಡು ಅಲ್ಲಿಯೇ ಗಾಣದಲ್ಲಿ ಹಾಕಿಸುತ್ತಿದ್ದಳು. ಅದೇ ಗಾಣದಲ್ಲಿ ಹೊಂಗೆ ಬೀಜವನ್ನೂ ಆಡಿಸುತ್ತಿದ್ದರು. ಅದರ ಹಿಂಡಿ ತೋಟದ ಗೊಬ್ಬರಕ್ಕೆ, ಎಣ್ಣೆ ದೀಪಕ್ಕೆ. ಹೊಂಗೆ ಆಡಿಸಿದ ಮೇಲೆ ಗಾಣ ಒರೆಸದೆ ಎಳ್ಳು ಹಾಕಿದರೆ ಮೊದಲು ಇಳಿಯುವ ಎಣ್ಣೆಯಲ್ಲಿ ಅದರ ಕಹಿ ಬೆರೆತಿರುತ್ತದೆ. ಆದ್ದರಿಂದ ಅತ್ತೆ ಗಾಣದ ಮುಂದೆ ಕಾವಲು ನಿಂತು, ಮೊದಲಿಗೆ ಇಳಿದದ್ದನ್ನು ಒಂದು ಹಿತ್ತಾಳೆ ಗಿಂಡಿಯಲ್ಲಿ ಬೇರೆ ಹಿಡಿಯುತ್ತಿದ್ದಳು. ಅದು ದೇವರ ದೀಪಕ್ಕೆ, ಬಾಗಿಲ ಕೀಲಿಗೆ. ಬಾಯಿಗೆ ಅಲ್ಲವೇ ಅಲ್ಲ. ಉಳಿದದ್ದು ಡಬ್ಬಕ್ಕೆ. ಆ ಡಬ್ಬದ ಎಣ್ಣೆಯನ್ನೂ ಅವಳು ನೇರ ಯಾರಿಗೂ ಕೊಡುತ್ತಿರಲಿಲ್ಲ. ಮೊದಲು ತಾನು ಬಾಯಲ್ಲಿ ಇಟ್ಟುಕೊಳ್ಳಬೇಕು. ಬೆಳಗ್ಗೆ ಎದ್ದು, ಹಲ್ಲುಜ್ಜಿ, ಒಲೆಯ ಮುಂದೆ ಮಣೆ ಹಾಕಿ ಕೂತು, ಒಂದು ಬಾಯಿ ಎಣ್ಣೆ ತುಂಬಿಕೊಂಡಳೆಂದರೆ ಕಾಲೋನಿಯ ಸೈರನ್ ಕೂಗುವವರೆಗೂ ಉಗುಳುತ್ತಿರಲಿಲ್ಲ. ನಾಲಿಗೆ ಚುರುಗುಟ್ಟಿತೇ, ಗಂಟಲು ಕಹಿಯಾಯಿತೇ, ಕಮಟು ವಾಸನೆ ಮೂಗಿಗೆ ಏರಿತೇ ಎಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಹೊಸ ಡಬ್ಬ ಒಡೆದಾಗ ಮಾತ್ರ ಮಾಡಿದ್ದರೆ ಸಾಕಿತ್ತು. ಆದರೆ ಎಣ್ಣೆ ಇಟ್ಟಲ್ಲೇ ಕೆಡುತ್ತದೆ ಎಂದು ಅವಳು ದಿನಾ ಬೆಳಗ್ಗೆಯೂ ನೋಡುತ್ತಿದ್ದಳು. ಹೀಗೆ ನನ್ನ ಬಾಲ್ಯದ ಬೆಳಗುಗಳೆಲ್ಲ ಬಾಯಿ ತುಂಬ ಎಣ್ಣೆ ಇಟ್ಟುಕೊಂಡ ಒಬ್ಬ ಹೆಂಗಸಿನ ಎದುರು ಕಳೆದವು.

ಬಾಯಲ್ಲಿ ಎಣ್ಣೆ ಇದ್ದಾಗ ಮಾತಾಡಬಾರದು, ನಗಬಾರದು. ಎಲ್ಲವೂ ಕೈಸನ್ನೆ. ಸೌಟಿನಿಂದ ಪಾತ್ರೆ ಬಡಿದರೆ ಬಾ ಎಂದರ್ಥ. ಗಲ್ಲ ಮೇಲೆತ್ತಿದರೆ ಜಡೆ ಸರಿಯಿಲ್ಲ ಎಂದು. ಹುಬ್ಬು ಗಂಟಿಕ್ಕಿದರೆ ಲೋಟದ ತಳದಲ್ಲಿ ಹಾಲು ಉಳಿದಿದೆ ಎಂದು. ‘ಹೂಂ’ ಎಂಬ ಒಂದೇ ಸದ್ದಿನಲ್ಲಿ ಬೈಗುಳ, ಒಪ್ಪಿಗೆ, ಅಪ್ಪಣೆ ಎಲ್ಲವನ್ನೂ ಹೇಳುತ್ತಿದ್ದಳು. ಸೈರನ್ ಕೂಗಿದೊಡನೆ ಎದ್ದು ಹಿಂಬಾಗಿಲಿಗೆ ಹೋಗಿ ಪೇರಲೆ ಗಿಡದ ಆಚೆ ಉಗುಳುತ್ತಿದ್ದಳು. ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಬೀಳುತ್ತಿತ್ತು. ಅಲ್ಲಿ ಹುಲ್ಲೇ ಹುಟ್ಟುತ್ತಿರಲಿಲ್ಲ. ಉಗುಳಿ ಬಾಯಿ ತೊಳೆದುಕೊಂಡಳೆಂದರೆ ಇನ್ನು ಮಾತಾಡುತ್ತಾಳೆ ಎಂದು ನಾನು ಕಾದಿರುತ್ತಿದ್ದೆ. ಅಷ್ಟರಲ್ಲಿ ಅಂಗಡಿಯ ಹಲಗೆ ತೆಗೆಯುವ ಹೊತ್ತಾಗಿರುತ್ತಿತ್ತು, ನನಗೆ ಶಾಲೆಯ ಹೊತ್ತಾಗಿರುತ್ತಿತ್ತು. ಸಂಜೆ ಬಂದರೆ ಅವಳು ಗಿರಾಕಿಗಳ ನಡುವೆ. ಊಟಕ್ಕೆ ಕೂತರೆ ಅವಳಿಗೆ ಆಯಾಸ. ನನಗೆ ಯಾವ ಅನುಮಾನವೂ ಇರಲಿಲ್ಲ. ಅತ್ತೆ ನನ್ನೊಡನೆ ಮಾತಾಡದಂತೆ ಮಾಡಿದ್ದು ಎಣ್ಣೆ. ಎಣ್ಣೆ ಇಲ್ಲದಿದ್ದರೆ ಅವಳು ನನಗೆ ಏನೇನೋ ಹೇಳುತ್ತಿದ್ದಳು. ಏನು ಹೇಳುತ್ತಿದ್ದಳು ಎಂಬುದನ್ನೂ ನಾನೇ ಕಟ್ಟಿಕೊಂಡಿದ್ದೆ. ಶಾಲೆಗೆ ಹೋಗುವ ದಾರಿಯುದ್ದಕ್ಕೂ ಅವಳ ಮಾತನ್ನೂ ನನ್ನ ಮಾತನ್ನೂ ಒಬ್ಬಳೇ ಆಡಿಕೊಳ್ಳುತ್ತಿದ್ದೆ.

ಮಾತಿನ ಬರ ತಾಳಲಾರದೆ ನಾನು ಓಡುತ್ತಿದ್ದದ್ದು ಗೋಡೆಯಾಚೆಯ ಸರೋಜಕ್ಕನ ಮನೆಗೆ. ಅವಳ ಗಂಡ ಪವರ್ ಹೌಸಿನ ಕ್ಯಾಂಟೀನಿನಲ್ಲಿದ್ದ. ಸರೋಜಕ್ಕನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಅಕ್ಕಿ ಆರಿಸುವಾಗ ಕಲ್ಲಿನೊಡನೆ ಮಾತು, ಒಲೆ ಊದುವಾಗ ಹೊಗೆಯೊಡನೆ ಮಾತು. ನಾನು ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅತ್ತೆಯ ವಿಚಾರ ನನಗೆ ಗೊತ್ತಾದದ್ದೂ ಅವಳಿಂದಲೇ. ಮಾವನ ಬಾಯಲ್ಲಿ ಹುಣ್ಣಾಗಿ ಮಾಯದೇ ಇದ್ದಾಗ, ಊರೂರು ತಿರುಗುವ ಒಬ್ಬ ಬಂದು, ಕಾಡಿನ ಬೀಜದ ಎಣ್ಣೆ, ಏನೂ ದೋಷವಿಲ್ಲ ಎಂದು ಒಂದು ಶೀಸೆ ಕೊಟ್ಟು ಹೋದನಂತೆ. ಅತ್ತೆಯೇ ತನ್ನ ಕೈಯಾರೆ ಮಾವನಿಗೆ ಅದನ್ನು ಹಾಕಿದಳಂತೆ. ಬಾಯಿ ಬೆಂದು ಹೋಯಿತು, ಆಮೇಲೆ ಅವರು ಗಂಜಿಯನ್ನೂ ನುಂಗಲಿಲ್ಲ. ಸಾವು ಬಂದದ್ದು ಹುಣ್ಣಿನಿಂದಲೇ, ಎಣ್ಣೆಯಿಂದಲ್ಲ ಎಂದು ಡಾಕ್ಟರು ಹೇಳಿದರೂ ಅತ್ತೆ ಒಪ್ಪಲಿಲ್ಲ. ಆ ಶೀಸೆಯಲ್ಲಿ ಯಾವ ಬೀಜವಿತ್ತು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

“ನಿನ್ನತ್ತೆ ಅದಕ್ಕೇ ಹಂಗೆ ಕಣೇ,” ಎನ್ನುತ್ತಿದ್ದಳು ಸರೋಜಕ್ಕ. “ಕಲ್ಲಲ್ಲ ಅವಳು. ಆದ್ರೆ ನನ್ ಕೈಲಿ ಆಗಲ್ಲಪ್ಪ ಅಂಥ ಮನೇಲಿ ಇರಕ್ಕೆ. ಗಡಿಯಾರನಾದ್ರೂ ಟಿಕ್ ಟಿಕ್ ಅಂತದೆ.”

ಒಂದು ಬೇಸಿಗೆಯಲ್ಲಿ ಆ ಮೆಟ್ಟಿಲೂ ಹೋಯಿತು. ಸರೋಜಕ್ಕನ ಚಿಕ್ಕ ಮಗನ ಹಲ್ಲಿಗೆ ಹುಳುಕು ಹತ್ತಿ ಹುಡುಗ ಅಳುತ್ತಿದ್ದ. ಅವಳು ಅಂಗಡಿಗೆ ಬಂದು ಬಾಯೆಣ್ಣೆ ಕೇಳಿದಳು. ನಾನು ಅಲ್ಲೇ ಮಂಡಕ್ಕಿ ಡಬ್ಬದ ಪಕ್ಕದಲ್ಲಿ ನಿಂತಿದ್ದೆ.

“ಮಕ್ಕಳಿಗೆ ಕೊಡಲ್ಲ ಸರೋಜಾ.”

“ಎಳ್ಳೆಣ್ಣೆ ತಾನೇ ಹೂವಕ್ಕ? ದೋಸೆಗೆ ಹಾಕಲ್ವಾ?”

“ದೋಸೇದು ನುಂಗಕ್ಕೆ. ಇದು ಬಾಯಲ್ಲಿ ಇಟ್ಕಳಕ್ಕೆ. ಮಕ್ಕಳು ಸುಮ್ನೆ ಇರ್ತಾವಾ? ನಗ್ತಾವೆ, ಕೆಮ್ಮುತಾವೆ. ಎಣ್ಣೆ ಶ್ವಾಸದ ದಾರಿಗೆ ಹೋದ್ರೆ ಎಂತ ಮಾಡ್ತೀಯ? ಹುಳುಕಿಗೆ ಎಣ್ಣೆ ಮದ್ದಲ್ಲ. ಡಾಕ್ಟರಿಗೆ ತೋರ್ಸು.”

“ಯಾರ್ಯಾರೋ ದಾರಿಹೋಕರಿಗೆಲ್ಲ ಕೊಡ್ತೀಯ. ನನ್ ಮಗನಿಗೆ ಮಾತ್ರ ಇಲ್ಲ. ಮಕ್ಕಳಿದ್ದಿದ್ರೆ ತಿಳೀತಿತ್ತು ನಿಂಗೆ.”

ಅತ್ತೆ ಭರಣಿಯ ಮುಚ್ಚಳವನ್ನು ಮತ್ತಷ್ಟು ಬಿಗಿ ಮಾಡಿದಳು, ಅಷ್ಟೇ. ಅಂದಿನಿಂದ ಎರಡು ಮನೆಗೂ ಮಾತು ಬಿಟ್ಟಿತು. ಸರೋಜಕ್ಕ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿರಲಿಲ್ಲ, ಆದರೆ ಬಾ ಎಂದೂ ಕರೆಯುತ್ತಿರಲಿಲ್ಲ. ಶಾಲೆಗೆ ಬೇರೆ ರಜೆ. ಬೆಳಗ್ಗೆ ಎಣ್ಣೆ, ಮಧ್ಯಾಹ್ನ ಅಂಗಡಿ, ಸಂಜೆ ಆಯಾಸ. ಜಲಪಾತ ನೋಡಲು ಬಂದವರು ಅಂಗಡಿಯ ಮುಂದೆ ಬಾಳೆಹಣ್ಣು ಸುಲಿಯುತ್ತಾ ಅವರವರ ಮನೆಯ ಮಾತಾಡಿಕೊಳ್ಳುತ್ತಿದ್ದರು, ಒಬ್ಬರ ಕಾಲೆಳೆದು ಒಬ್ಬರು ನಗುತ್ತಿದ್ದರು. ನಾನು ಸಿಪ್ಪೆ ಹೆಕ್ಕುವ ನೆಪದಲ್ಲಿ ಅವರ ಬಳಿ ಸುಳಿದಾಡುತ್ತಿದ್ದೆ. ಆ ದಿನಗಳಲ್ಲಿ ನನಗಿದ್ದ ಒಂಟಿತನವನ್ನು ಆಮೇಲೆ ಗಂಡ ಸತ್ತಾಗಲೂ ನಾನು ಕಂಡಿಲ್ಲ. ದೊಡ್ಡವರಿಗೆ ಒಂಟಿತನಕ್ಕೆ ಒಂದು ಹೆಸರಾದರೂ ಗೊತ್ತಿರುತ್ತದೆ. ನನಗೆ ಅದು ಹಸಿವೋ, ಜ್ವರವೋ ತಿಳಿಯುತ್ತಿರಲಿಲ್ಲ. ಎರಡಕ್ಕೂ ಅತ್ತೆ ಗಂಜಿ ಮಾಡಿಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ಆಗ ನನಗೊಂದು ಉಪಾಯ ಹೊಳೆಯಿತು. ಎಣ್ಣೆ ಬಿಟ್ಟು ಅತ್ತೆ ನನ್ನ ಬಳಿ ಬರುವುದಿಲ್ಲ. ಹಾಗಾದರೆ ನಾನೇ ಎಣ್ಣೆ ಹಾಕಿಕೊಂಡು ಅವಳ ಬಳಿ ಹೋಗುವುದು. ಇಬ್ಬರ ಬಾಯಲ್ಲೂ ಎಣ್ಣೆ ಇದ್ದರೆ ಇಬ್ಬರೂ ಒಂದೇ ಆಯಿತಲ್ಲ. ಅವಳು ಸಾಗರದಿಂದ ಹೊಸ ಎಣ್ಣೆ ಹಾಕಿಸಿಕೊಂಡು ಬಂದ ಮರುದಿನ ಬೆಳಗ್ಗೆ ನಾನು ಬೇಗ ಎದ್ದೆ. ಅತ್ತೆ ಆಗಲೇ ಒಲೆಯ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು, ಕೆನ್ನೆ ಉಬ್ಬಿತ್ತು. ಡಬ್ಬ ಅವಳ ಮಗ್ಗುಲಲ್ಲಿತ್ತು, ನನ್ನ ಕೈಗೆ ಎಟುಕುವಂತಿರಲಿಲ್ಲ. ಬಾಗಿಲ ಬಳಿ ದೀಪದ ಗೂಡಿನಲ್ಲಿ ಹಿತ್ತಾಳೆ ಗಿಂಡಿ ಇತ್ತು. ಅದೂ ಎಣ್ಣೆಯೇ, ಅದೇ ಗಾಣದ್ದು. ಗಿಂಡಿಯದು ಬಾಯಿಗಲ್ಲ ಎಂದು ಅವಳು ನನಗೆ ಹೇಳಿರಲಿಲ್ಲ ಎಂದಲ್ಲ. ಬಂದ ಹೊಸದರಲ್ಲಿ ಒಮ್ಮೆ ಹೇಳಿದ್ದಳು. ಗಿಂಡಿ ಬಗ್ಗಿಸಿ ಬಾಯಿ ತುಂಬಿಕೊಂಡು, ಸದ್ದಾಗದಂತೆ ಹೋಗಿ ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತೆ.

ಮೊದಲು ವಾಸನೆ ಬಂತು, ಆಮೇಲೆ ಕಹಿ. ನಾಲಿಗೆಯ ಬುಡದಿಂದ ಎದ್ದು ಕಿವಿಯವರೆಗೆ ಹೋಗುವ ಕಹಿ. ಉಗುಳಬೇಕು ಎನ್ನಿಸಿತು. ಆದರೆ ಅತ್ತೆ ಉಗುಳಿರಲಿಲ್ಲ. ಸೈರನ್ ಇನ್ನೂ ಕೂಗಿರಲಿಲ್ಲ. ದಿನಾ ಅವಳು ಇಷ್ಟು ಕಷ್ಟಪಡುತ್ತಾಳೆ ಎಂದುಕೊಂಡು ನಾನು ಹಲ್ಲು ಕಚ್ಚಿ ಕೂತೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಗಂಟಲು ತಾನೇ ತಾನಾಗಿ ಒಂದು ಗುಟುಕು ಒಳಗೆ ಎಳೆದುಕೊಂಡಿತು. ಆಗ ನಾನು ಬಿಕ್ಕಿದೆನೇನೋ, ಅತ್ತೆ ಕಣ್ಣು ತೆರೆದಳು. ನನ್ನ ಉಬ್ಬಿದ ಕೆನ್ನೆ ನೋಡಿದಳು, ಗೂಡಿನ ಕಡೆ ನೋಡಿದಳು. ಆಮೇಲೆ ಅವಳು ಯಾವತ್ತೂ ಮಾಡದ ಕೆಲಸ ಮಾಡಿದಳು. ತನ್ನ ಬಾಯಿಯ ಎಣ್ಣೆಯನ್ನು ಹಿಂದಿನ ದಿನ ಸಾರಿಸಿದ ಅಡುಗೆಮನೆಯ ನೆಲದ ಮೇಲೇ ಉಗುಳಿದಳು.

“ಉಗಿ! ನುಂಗಬ್ಯಾಡ! ಉಗಿಯೇ, ಉಗಿ ಮಗಾ!”

ನನ್ನ ಗಲ್ಲ ಹಿಡಿದು ಮುಂದಕ್ಕೆ ಬಗ್ಗಿಸಿದಳು. ಬೆರಳಿಗೆ ಬಟ್ಟೆ ಸುತ್ತಿ ನಾಲಿಗೆ, ವಸಡು ಒರೆಸಿದಳು. ನೀರು ಹಾಕಿ ಬಾಯಿ ತೊಳೆಸಿದಳು. ನನಗೆ ಅಷ್ಟರಲ್ಲಿ ವಾಂತಿ ಶುರುವಾಗಿತ್ತು. ಗೋಡೆಯ ಕಡೆ ತಿರುಗಿ, ಊರಿಗೇ ಕೇಳುವಂತೆ, “ಸರೋಜಾ! ಬಾರೇ! ನನ್ ಹುಡುಗಿ ಹೊಂಗೆ ಕುಡೀತು, ಬಾರೇ!” ಎಂದು ಕೂಗಿದಳು. ಸರೋಜಕ್ಕ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಓಡಿ ಬಂದಳು. ಇಬ್ಬರೂ ಸೇರಿ ನನ್ನನ್ನು ಎತ್ತಿಕೊಂಡು ಕಾಲೋನಿಯ ದವಾಖಾನೆಗೆ ಓಡಿದರು. ದಾರಿಯಲ್ಲಿ ನನಗೆ ತಲೆ ತಿರುಗುತ್ತಿತ್ತು. ಆದರೆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿತ್ತು. ‘ನನ್ ಹುಡುಗಿ’ ಎಂದಿದ್ದಳು.

ಡಾಕ್ಟರು ಅತ್ತೆ ತಂದಿದ್ದ ಗಿಂಡಿಯನ್ನು ಮೂಸಿ ನೋಡಿದರು. ಎದೆಗೆ ಕೊಳವೆ ಇಟ್ಟು, ಉಸಿರಿಗೆ ಏನೂ ಆಗಿಲ್ಲ ಎಂದರು. ಒಳಗೆ ಹೋದದ್ದು ಸ್ವಲ್ಪವೇ, ಹೊಟ್ಟೆ ಕೆಟ್ಟು ಸರಿಯಾಗುತ್ತದೆ, ಇಲ್ಲೇ ಸಂಜೆವರೆಗೆ ಇರಲಿ ಎಂದರು. ಅತ್ತೆ ಅಂದು ಅಂಗಡಿಯ ಹಲಗೆ ತೆಗೆಯಲಿಲ್ಲ. ನನ್ನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಮಾತಾಡಿದಳು. ಅಷ್ಟು ಮಾತನ್ನು ಅವಳು ಎಲ್ಲಿಟ್ಟುಕೊಂಡಿದ್ದಳೋ. ಮಾವ ಶಿಫ್ಟ್ ಮುಗಿಸಿ ಬರುವಾಗ ದೂರದಿಂದಲೇ ಶಿಳ್ಳೆ ಹಾಕುತ್ತಿದ್ದದ್ದು, ಅವರಿಗೆ ಕೆಸುವಿನ ಸೊಪ್ಪಿನ ಪಲ್ಯ ಕಂಡರೆ ಆಗದೇ ಇದ್ದದ್ದು, ಅವಳು ಮದುವೆಯಾಗಿ ಹಿನ್ನೀರಿನಾಚೆಯ ತುಮರಿಯಿಂದ ಲಾಂಚಿನಲ್ಲಿ ದಾಟಿ ಬರುವಾಗ ನೀರು ಕಂಡು ಹೆದರಿ ಗೊತ್ತಿಲ್ಲದ ಯಾರದೋ ಕೈ ಹಿಡಿದುಕೊಂಡದ್ದು. ನಡುನಡುವೆ ನನ್ನ ಬಾಯಿ ತೆಗೆಸಿ ಗಲ್ಲ ಹಿಡಿದು ನೋಡುತ್ತಿದ್ದಳು. ವಾಂತಿ ಮಾಡಿ ಮಾಡಿ ಬಸವಳಿದು ಮಲಗಿದ್ದೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ದಿನ ಇನ್ನೊಂದಿಲ್ಲ. ಇಂಥ ಮಾತನ್ನು ಬೇರೆಯವರು ಹೇಳಿದರೆ ನಾನು ನಂಬುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಎಣ್ಣೆ ಹಾಕಿಕೊಳ್ಳಲಿಲ್ಲ. ಡಬ್ಬವನ್ನು ಅಟ್ಟದ ಮೇಲೆ ಇಟ್ಟಿದ್ದಳು. ಗಿಂಡಿಯನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದ್ದಳು. ಗೆದ್ದೆ ಎಂದುಕೊಂಡೆ. ಮುಖ ತೊಳೆದು ಬಂದು ಅವಳ ಎದುರು ಕೂತೆ. ಅವಳ ಕೆನ್ನೆ ಉಬ್ಬಿರಲಿಲ್ಲ, ಬಾಯಿ ಖಾಲಿ ಇತ್ತು. ಇನ್ನೇನು ಶುರುವಾಗುತ್ತದೆ ಎಂದು ಕಾದೆ.

“ಹಾಲು ಕುಡಿ,” ಎಂದಳು.

ಕುಡಿದೆ. ಒಲೆಯಲ್ಲಿ ಸೌದೆ ಚಿಟಪಟ ಎಂದಿತು. ಅವಳು ಸೌದೆ ಸರಿ ಮಾಡಿದಳು. ನನ್ನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು.

“ಶಾಲೆ ಯಾವಾಗ ಶುರು?”

“ಇನ್ನೂ ಇದೆ.”

“ಹಾಂ.”

ಅಷ್ಟೇ. ಅಂದು ಮಾತ್ರವಲ್ಲ, ಅದರ ಮರುದಿನವೂ ಅಷ್ಟೇ, ಆ ವಾರವೆಲ್ಲ ಅಷ್ಟೇ. ಹೇಳಬೇಕಾದದ್ದನ್ನೆಲ್ಲ ಅವಳು ದವಾಖಾನೆಯ ಸ್ಟೂಲಿನ ಮೇಲೆ ಒಂದೇ ದಿನಕ್ಕೆ ಹೇಳಿ ಮುಗಿಸಿಬಿಟ್ಟಿದ್ದಳು. ಅವಳು ಪ್ರಯತ್ನ ಪಡಲಿಲ್ಲ ಎಂದರೆ ಸುಳ್ಳಾದೀತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ, “ಹಲ್ಲು ಉಜ್ಜಿದ್ಯಾ?” ಎಂದು ಕೇಳುತ್ತಿದ್ದಳು. ಉಜ್ಜಿದೆ ಎನ್ನುತ್ತಿದ್ದೆ. ಮತ್ತೆ ಸ್ವಲ್ಪ ಹೊತ್ತಿಗೆ ಅದನ್ನೇ ಕೇಳುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿಯ ಬಾಯಿಯ ವಿಚಾರ ಬಂದರೆ ಸಲೀಸಾಗಿ ಮಾತಾಡುವ ಹೆಂಗಸು, ಏನೂ ಆಗದ ಒಂದು ಮಗುವಿನ ಎದುರು ಏನು ಆಡಬೇಕೆಂದು ತಿಳಿಯದೆ ಮಣೆಯ ಅಂಚು ಕೆರೆಯುತ್ತಾ ಕೂರುತ್ತಿದ್ದಳು. ಎಣ್ಣೆಯದೇನೂ ತಪ್ಪಿರಲಿಲ್ಲ. ಅದು ಮಾತನ್ನು ತಡೆದಿರಲೇ ಇಲ್ಲ. ತಡೆಯಲು ಅಲ್ಲಿ ಮಾತೇ ಇರಲಿಲ್ಲ. ಇದು ತಿಳಿದ ಬೆಳಗ್ಗೆ ನಾನು ಅತ್ತಿದ್ದೆ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ನಾನು ಅಳಲಿಲ್ಲ, ನನಗೆ ಅವಳ ಬಗ್ಗೆ ಅಯ್ಯೋ ಅನಿಸಿತು. ಬಾಯಲ್ಲಿ ಎಣ್ಣೆ ಇದ್ದಾಗ ಅವಳ ಮೌನಕ್ಕೆ ಒಂದು ಕಾರಣವಿತ್ತು. ಈಗ ಅವಳು ಬರಿಗೈಯಲ್ಲಿ ಕೂತಿದ್ದಳು. ನಾನೂ ಅಷ್ಟೇ. ಎಣ್ಣೆ ಇದ್ದಾಗ, ಉಗುಳಿದ ಮೇಲೆ ಮಾತಾಡುತ್ತಾಳೆ ಎಂದು ಕಾಯಲಾದರೂ ಆಗುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ ನಾನೇ ಮಂಚದ ಮೇಲೆ ಹತ್ತಿ ಅಟ್ಟದಿಂದ ಡಬ್ಬ ಇಳಿಸಿದೆ. ತಂದು ಅವಳ ಮುಂದೆ ಇಟ್ಟೆ. ಅವಳು ಬೆಚ್ಚಿದಳು. ನಾನು ಮತ್ತೆ ಕುಡಿಯಹೊರಟೆ ಎಂದುಕೊಂಡಳೋ ಏನೋ, ನನ್ನ ಕೈ ಹಿಡಿದಳು.

“ಎಂತಕ್ಕೆ ತಂದೆ ಇದನ್ನ?”

“ನಂಗಲ್ಲ. ನೀನು ಹಾಕ್ಕ ಅತ್ತೆ.”

“ನಿಂಗೆ ಬೇಜಾರಲ್ವಾ?”

“ಇಲ್ಲ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಒಂದು ಬಾಯಿ ಎಣ್ಣೆ ತುಂಬಿಕೊಂಡಳು. ಕೆನ್ನೆ ಉಬ್ಬಿದೊಡನೆ ಅವಳ ಹೆಗಲು ಇಳಿದದ್ದು ನನಗೆ ಕಾಣಿಸಿತು, ಹೊರೆ ಇಳಿಸಿದವರ ಹಾಗೆ. ಆಮೇಲೆ ಸೌಟಿನಿಂದ ಪಾತ್ರೆ ಬಡಿದಳು. ಎದುರಿಗೇ ಇದ್ದೆನಲ್ಲ, ಇನ್ನೆಲ್ಲಿಗೆ ಬರುವುದು ಎಂದು ನನಗೆ ಅರ್ಥವಾಗಲಿಲ್ಲ. ಅವಳು ತನ್ನ ಮಣೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು. ನಾನು ಹೋಗಿ ಕೂತೆ. ಹಣಿಗೆ ತೆಗೆದುಕೊಂಡು ನನ್ನ ಜಡೆ ಬಿಚ್ಚಿ ಬಾಚತೊಡಗಿದಳು. ಸೈರನ್ ಕೂಗುವವರೆಗೂ ಬಾಚಿದಳು. ಅಂದಿನಿಂದ ನಾನು ಆ ಮನೆ ಬಿಡುವವರೆಗೂ ಬೆಳಗಿನ ಕ್ರಮ ಅದೇ ಆಯಿತು. ಅವಳ ಬಾಯಲ್ಲಿ ಎಣ್ಣೆ, ಅವಳ ಕೈಯಲ್ಲಿ ನನ್ನ ಕೂದಲು. ಒಂದು ಜಡೆ ಬಿಗಿ, ಒಂದು ಸಡಿಲ. ಅವಳು ಕೊನೆಯವರೆಗೂ ಜಡೆ ಹಾಕಲು ಕಲಿಯಲಿಲ್ಲ. ನಾವು ಕೊನೆಯವರೆಗೂ ಮಾತಾಡಲೂ ಕಲಿಯಲಿಲ್ಲ.

ಶ್ವೇತಳ ಬಾಟಲಿಯ ಎಣ್ಣೆಯನ್ನು ಅದು ಬಂದ ಮರುದಿನ ಬೆಳಗ್ಗೆ ನಾನು ಬಾಯಲ್ಲಿ ಇಟ್ಟುಕೊಂಡು ನೋಡಿದೆ. ಸಾಗರದಲ್ಲಿ ಸೈರನ್ ಇಲ್ಲ. ಕೆಳಗಿನ ಮನೆಯವರು ನೀರಿನ ಮೋಟರ್ ಆರಿಸುವವರೆಗೆ ಇಟ್ಟುಕೊಂಡೆ. ಕಹಿ ಇಲ್ಲ, ಕಮಟು ಇಲ್ಲ. ಎಳ್ಳೇ. ಸ್ವಲ್ಪ ಕೊಬ್ಬರಿ ಎಣ್ಣೆ, ಪುದೀನ. ದೊಡ್ಡವರ ಬಾಯಿಗೆ ತೊಂದರೆಯಿಲ್ಲ. ತಾರಸಿಯ ಮೂಲೆಯಲ್ಲಿ ಉಗುಳಿ ಬಂದು ಅವಳಿಗೆ ಫೋನ್ ಮಾಡಿದೆ. ಯಾವ ಬೀಜ ಅಂತ ಬಾಟಲಿ ಮೇಲೆ ಬರಿ, ಬರೀ ಬೀಜ ಅನ್ನಬೇಡ, ಮಕ್ಕಳದ್ದು ಮಾತ್ರ ಮಾಡಲೇಬೇಡ ಎಂದೆ. ಅವಳಿಗೆ ಬೇಸರವಾಯಿತು ಎಂದು ಗೊತ್ತಾಯಿತು. ಆದರೂ ಮಾಡಲ್ಲ ಎಂದಳು.

“ಮತ್ತೆ ಅಮ್ಮ?”

“ಮತ್ತೆಂತದೂ ಇಲ್ಲ. ಊಟ ಆಯ್ತಾ?”

“ಈಗಿನ್ನೂ ಬೆಳಗ್ಗೆ ಅಲ್ವಾ ಅಮ್ಮ. ಸರಿ, ಇಡ್ತೀನಿ.”

ಹೂವಮ್ಮತ್ತೆ ಹೋಗಿ ಎಷ್ಟೋ ವರ್ಷವಾಯಿತು. ಬಾಡಿಗೆಗೆ ಹಿಡಿದಿರುವ ಈ ಮಹಡಿಯ ಎರಡು ಕೋಣೆಯಲ್ಲಿ ನಾನೂ ದಿನಾ ಬೆಳಗ್ಗೆ ಒಂದು ಬಾಯಿ ಎಣ್ಣೆ ತುಂಬಿಕೊಂಡು ಕೂರುತ್ತೇನೆ. ಹಲ್ಲಿಗೆ ಒಳ್ಳೆಯದು ಎಂದು ಕೇಳಿದವರಿಗೆ ಹೇಳುತ್ತೇನೆ. ಫೋನನ್ನು ಎದುರಿಗೆ ಮೇಜಿನ ಮೇಲೆ ಇಟ್ಟುಕೊಂಡಿರುತ್ತೇನೆ. ಮೋಟರ್ ನಿಲ್ಲುತ್ತದೆ. ಎದ್ದು ಹೋಗಿ ಉಗುಳಿ, ಬಾಯಿ ತೊಳೆದು ಬಂದು ನೋಡುತ್ತೇನೆ. ಯಾರೂ ಫೋನ್ ಮಾಡಿರುವುದಿಲ್ಲ. ಇದು ನನ್ನ ಬಾಯಲ್ಲಿ ಎಣ್ಣೆ ಇರುವ ಹೊತ್ತು ಎಂದು ಎಲ್ಲರಿಗೂ ಗೊತ್ತಲ್ಲ, ಅದಕ್ಕೇ ಮಾಡಿಲ್ಲ ಎಂದುಕೊಂಡು ಹಾಲು ಕಾಯಿಸಲು ಹೋಗುತ್ತೇನೆ.